ಘಟ್ಟ ಹತ್ತೋಕೊಂದು ಟೈಮು, ಇಳಿಯೋಕೊಂದು ಟೈಮು

“ಎಷ್ಟು ಕಿಲೋಮೀಟರ್ರು? ರನ್ನಿಂಗ್ ಟೈಮ್ ಎಷ್ಟು?”

ಟಿಕೆಟ್ ಬುಕ್ ಆಯ್ತು ಅಂತ ಹೇಳೋಕೆ ಫೋನ್ ಮಾಡಿದಾಗ ಅಪ್ಪ ಕೇಳಿದ್ದು ಈ ಎರಡೇ ಮಾತು. ಅದು 2023ರ ನವೆಂಬರ್. ಅಪ್ಪ ಅಮ್ಮ ಮೊದಲ ಸಲ ಸಕಲೇಶಪುರ ಬಿಟ್ಟು ನಮ್ಮ ಮನೆಗೆ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬರುವವರಿದ್ದರು. ಅಮ್ಮನಿಗೆ ಚಕ್ಕುಲಿ ಎಷ್ಟು ಕೆಜಿ ತರಬಹುದು ಅನ್ನೋದೇ ಚಿಂತೆ. ಅಪ್ಪನಿಗೆ ರೂಟು.

ಅಪ್ಪ ಮೂವತ್ತೊಂದು ವರ್ಷ ಕೆಎಸ್‌ಆರ್‌ಟಿಸಿ ಬಸ್ ಓಡಿಸಿದವರು. ಹೆಚ್ಚಿನ ಕಾಲ ಹಾಸನ–ಮಂಗಳೂರು ರೂಟು, ಶಿರಾಡಿ ಘಾಟಿ ಮೇಲೆ. ರನ್ನಿಂಗ್ ಟೈಮ್ ಅಂದರೆ ಒಂದು ಟ್ರಿಪ್ಪಿಗೆ ಇಷ್ಟು ಹೊತ್ತು ಅಂತ ಮೊದಲೇ ಗೊತ್ತು ಮಾಡಿಟ್ಟ ಲೆಕ್ಕ. ನಮ್ಮ ಮನೆಯಲ್ಲಿ ಮದುವೆಗೆ ಹೋಗೋದಿದ್ದರೂ, ಆಸ್ಪತ್ರೆಗೆ ಹೋಗೋದಿದ್ದರೂ ಇದೇ ಪದ. ನಿವೃತ್ತಿಯಾಗಿ ಎಷ್ಟೋ ವರ್ಷ ಆಗಿದೆ, ಪದ ಮಾತ್ರ ಡ್ಯೂಟಿ ಬಿಟ್ಟಿಲ್ಲ.

ನಾನು ಅಲ್ಲೇ ಲ್ಯಾಪ್‌ಟಾಪ್ ತೆಗೆದು, ಊರುಗಳ ದೂರ ಲೆಕ್ಕ ಹಾಕಿಕೊಡುವ ಒಂದು ಸೈಟಿನಲ್ಲಿ ಎರಡು ವಿಮಾನ ನಿಲ್ದಾಣಗಳ ಕೋಡ್ ಹಾಕಿದೆ. ಬೆಂಗಳೂರಿಗೆ ಬಿಎಲ್‌ಆರ್, ಸ್ಯಾನ್ ಫ್ರಾನ್ಸಿಸ್ಕೊಗೆ ಎಸ್‌ಎಫ್‌ಒ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. ದೂರ ಸುಮಾರು 13,990 ಕಿ.ಮೀ., ಸಮಯ ಸುಮಾರು ಹದಿನೇಳು ಗಂಟೆ. ಓದಿ ಹೇಳಿದೆ. ಅಪ್ಪ ಡೈರಿಯಲ್ಲಿ ಬರೆದುಕೊಂಡರು. ಪೆನ್ನಿನ ಸದ್ದು ಫೋನಿನಲ್ಲೇ ಕೇಳುತ್ತಿತ್ತು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ.

“ಹೋಗೋಕೂ ಹದಿನೇಳು, ಬರೋಕೂ ಹದಿನೇಳಾ?”

“ಹೌದಪ್ಪ, ಒಂದೇ ತೋರಿಸ್ತಿದೆ.”

“ಅದನ್ನ ಮಾಡಿದೋನು ಯಾವತ್ತೂ ಗಾಡಿ ಓಡಿಸಿಲ್ಲ ಬಿಡು. ಘಟ್ಟ ಹತ್ತೋಕೊಂದು ಟೈಮು, ಇಳಿಯೋಕೊಂದು ಟೈಮು.”

ನಾನು ನಕ್ಕೆ. ಆಕಾಶದಲ್ಲಿ ಎಲ್ಲಿಯ ಘಟ್ಟ? ಆದರೆ ಅಪ್ಪ ಹೇಳಿದ್ದೇ ಸರಿ, ತಪ್ಪಿದ್ದು ನಾನು. ಅದು ಗೊತ್ತಾಗೋಕೆ ನನಗೆ ನಾಲ್ಕು ತಿಂಗಳು ಬೇಕಾಯಿತು. ಆ ಹೊತ್ತಿಗೆ ಹದಿನೇಳು ವರ್ಷದಿಂದ ಈ ದಾರಿಯಲ್ಲಿ ಓಡಾಡುತ್ತಿದ್ದೆ. ಒಂದು ಸಲವೂ ಕಿಟಕಿ ಪಕ್ಕ ಕೂತು ಇದು ಯಾವ ದಾರಿ ಅಂತ ಯೋಚಿಸಿರಲಿಲ್ಲ.

ಆ ಸೈಟುಗಳು ಮಾಡುವ ಲೆಕ್ಕ ತೀರಾ ಸುಲಭದ್ದು. ಎರಡು ಊರುಗಳ ಅಕ್ಷಾಂಶ, ರೇಖಾಂಶ ತೆಗೆದುಕೊಳ್ಳುತ್ತವೆ. ಭೂಮಿ ಒಂದು ಚೆಂಡು ಅಂತ ಇಟ್ಟುಕೊಂಡು, ಚೆಂಡಿನ ಮೈಮೇಲೆ ಆ ಎರಡು ಚುಕ್ಕೆಗಳ ನಡುವಿನ ಅತಿ ಹತ್ತಿರದ ಗೆರೆ ಅಳೆಯುತ್ತವೆ. ಅದನ್ನು ವಿಮಾನದ ಸಾಮಾನ್ಯ ವೇಗದಿಂದ ಭಾಗಿಸಿ, ಏರೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸಿದರೆ ಸಮಯ ಬಂತು. ಗಾಳಿ ಇಲ್ಲ, ಗಡಿ ಇಲ್ಲ, ಬೆಟ್ಟ ಇಲ್ಲ, ಕ್ಯೂ ಇಲ್ಲ. ಗೆರೆ ಸುಳ್ಳಲ್ಲ. ಆದರೆ ಆ ಗೆರೆಯ ಮೇಲೆ ಯಾರೂ ಹೋಗುವುದಿಲ್ಲ.

ಮುಂದಿನ ಭಾನುವಾರದ ವಿಡಿಯೋ ಕಾಲಿಗೆ ಅಪ್ಪ ತಯಾರಾಗಿ ಕೂತಿದ್ದರು. ಎದುರಿಗೆ ತೂಗುಹಾಕಿದ್ದ ಹಳೇ ಪ್ರಪಂಚ ಭೂಪಟ, ನಾನು ಹೈಸ್ಕೂಲಲ್ಲಿದ್ದಾಗ ತಂದಿದ್ದು. ಅದರ ಮೇಲೆ ಸ್ಕೇಲ್ ಇಟ್ಟು ಬೆಂಗಳೂರಿಂದ ಬಲಕ್ಕೆ ಗೆರೆ ಎಳೆದಿದ್ದರು. ಬಂಗಾಳ ಕೊಲ್ಲಿ, ಚೀನಾದ ದಕ್ಷಿಣ ಭಾಗ, ಆಮೇಲೆ ಭೂಪಟ ಮುಗಿದುಹೋಯಿತು. ಎಡಗಡೆಯಿಂದ ಮತ್ತೆ ಶುರು ಮಾಡಿ ಪೆಸಿಫಿಕ್ ದಾಟಿಸಿದ್ದರು.

“ಅಪ್ಪ, ಇದು ಚಪ್ಪಟೆ ಭೂಪಟ. ಒಂದು ದುಂಡಗಿರೋದು ತಗೊಳ್ಳಿ. ದಾರಾನೂ ಬೇಕು.”

ಅಮ್ಮ ಹಿತ್ತಲಿಂದ ಒಂದು ಚಕ್ಕೋತ ತಂದುಕೊಟ್ಟರು. ಇದು ಸುಮ್ಮನೆ ಕೂಡಿಬಂದ ಮಾತು, ಆದರೂ ಹೇಳಬೇಕು. ಬೆಂಗಳೂರಿನ ವಿಮಾನ ನಿಲ್ದಾಣ ಇರುವುದು ದೇವನಹಳ್ಳಿಯಲ್ಲಿ. ದೇವನಹಳ್ಳಿ ಹೆಸರಾಗಿದ್ದು ಮೊದಲು ಚಕ್ಕೋತಕ್ಕೆ. ಆ ಹಣ್ಣಿಗೆ ಜಿಐ ಟ್ಯಾಗ್ ಕೂಡ ಇದೆ. 2008ರ ಮೇ 24ರಂದು ಅಲ್ಲಿ ವಿಮಾನ ಇಳಿಯೋಕೆ ಶುರುವಾದ ಮೇಲೆ ಚಕ್ಕೋತದ ತೋಟಗಳನ್ನು ಕೇಳುವವರು ಕಮ್ಮಿಯಾದರು.

ಅಪ್ಪ ಚಕ್ಕೋತದ ತೊಟ್ಟನ್ನು ಉತ್ತರ ಧ್ರುವ ಮಾಡಿದರು. ಮಧ್ಯಕ್ಕಿಂತ ಸ್ವಲ್ಪ ಮೇಲೆ ಬಾಲ್‌ಪೆನ್ನಿಂದ ಒಂದು ಚುಕ್ಕೆ: ಬೆಂಗಳೂರು, 13 ಡಿಗ್ರಿ. ಹಣ್ಣನ್ನು ಹೆಚ್ಚುಕಮ್ಮಿ ಅರ್ಧ ಸುತ್ತು ತಿರುಗಿಸಿ, ಇನ್ನೂ ಸ್ವಲ್ಪ ಮೇಲೆ ಇನ್ನೊಂದು: ಸ್ಯಾನ್ ಫ್ರಾನ್ಸಿಸ್ಕೊ, 37 ಡಿಗ್ರಿ ಚಿಲ್ಲರೆ. ಎರಡರ ನಡುವೆ ದಾರ ಬಿಗಿಯಾಗಿ ಎಳೆದರು. ದಾರ ಪಕ್ಕಕ್ಕೆ ಹೋಗಲಿಲ್ಲ. ಜಾರಿಕೊಂಡು ತೊಟ್ಟಿನ ಹತ್ತಿರ ಹೋಗಿ ನಿಂತಿತು.

“ಅಲೇ! ಇದು ಮೇಲಕ್ಕೆ ಹೋಗುತ್ತಲ್ಲೇ!”

ಅಪ್ಪನ ಆ ‘ಅಲೇ’ ಈಗಲೂ ನನ್ನ ಕಿವಿಯಲ್ಲಿದೆ. ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ತೀರಕ್ಕೆ ಹತ್ತಿರದ ದಾರಿ ಅಂದರೆ ಮೂಗು ಉತ್ತರಕ್ಕೆ ಮಾಡಿಕೊಂಡು ಹೊರಡುವುದು. ಆ ಗೆರೆಯನ್ನೇ ಹಿಡಿದು ಹೋದರೆ ಕೆಳಗೆ ಮೊದಲು ಆಂಧ್ರ, ತೆಲಂಗಾಣ. ಆಮೇಲೆ ಗಂಗೆಯ ಬಯಲು, ನೇಪಾಳ, ಹಿಮಾಲಯ, ಟಿಬೆಟ್. ಮುಂದೆ ಚೀನಾದ ಮರುಭೂಮಿ, ಮಂಗೋಲಿಯಾದ ಅಂಚು, ಸೈಬೀರಿಯಾ. 71 ಡಿಗ್ರಿ ಉತ್ತರದವರೆಗೆ ಹತ್ತಿ, ಹಿಮ ಕಟ್ಟಿದ ಸಮುದ್ರದ ದಡ ಮುಟ್ಟಿ, ಅಲಾಸ್ಕಾ ಮೇಲಿಂದ ಕೆಳಗಿಳಿಯಬೇಕು. ಪೆಸಿಫಿಕ್ ಸಾಗರ ಸಿಗುವುದು ಕೊನೆಗೆ.

ನಮ್ಮ ಶಾಲೆಯ ಭೂಪಟಗಳದ್ದೇ ಈ ಎಡವಟ್ಟು. 1569ರಲ್ಲಿ ಮರ್ಕೇಟರ್ ಎನ್ನುವವರು ಹಡಗಿನವರಿಗೆ ದಿಕ್ಕು ಹಿಡಿಯೋಕೆ ಅನುಕೂಲ ಆಗಲಿ ಅಂತ ಮಾಡಿದ ನಕ್ಷೆ ಹೆಚ್ಚಿನ ಗೋಡೆಗಳ ಮೇಲೆ ಇವತ್ತಿಗೂ ಇದೆ. ಧ್ರುವದ ಹತ್ತಿರ ಹೋದಂತೆ ಅದು ಎಲ್ಲವನ್ನೂ ಎಳೆದು ಅಗಲ ಮಾಡುತ್ತದೆ. ಹಾಗಾಗಿ ಮೇಲಿನ ದಾರಿ ಸುತ್ತುದಾರಿ ಅನ್ನಿಸುತ್ತದೆ.

ಇನ್ನೊಂದು ವಿಷಯ ಅಪ್ಪನಿಗೆ ಬಹಳ ಇಷ್ಟವಾಯಿತು. ಭೂಮಿಯ ಸುತ್ತಳತೆ 40,000 ಕಿ.ಮೀ. ಆದ್ದರಿಂದ ಯಾವ ಎರಡು ಊರುಗಳ ನಡುವೆಯೂ 20,000ಕ್ಕಿಂತ ಜಾಸ್ತಿ ದೂರ ಇರೋಕೆ ಸಾಧ್ಯವೇ ಇಲ್ಲ. ಅದಕ್ಕಿಂತ ಆಚೆ ಹೋದರೆ ವಾಪಸ್ ಹತ್ತಿರ ಬರುತ್ತಿದ್ದೀರಿ ಅಂತಲೇ ಅರ್ಥ. ಬೆಂಗಳೂರಿಗೆ ಸರಿಯಾಗಿ ಬೆನ್ನ ಹಿಂದಿನ ಜಾಗ ಪೆರು ದೇಶದ ಪಶ್ಚಿಮಕ್ಕೆ, ಬರೀ ನೀರು. “ಹಂಗಾದ್ರೆ ನೀನೇನು ತೀರಾ ಆ ಕೊನೇಲಿಲ್ಲ” ಅಂದರು. ಅಮ್ಮ ಚಕ್ಕೋತ ಕಿತ್ತುಕೊಂಡು ಸುಲಿಯೋಕೆ ಕೂತರು.

ಹತ್ತಿರದ ಗೆರೆ ಇದ್ದಮೇಲೆ ಅದರ ಮೇಲೇ ಯಾಕೆ ಹೋಗಲ್ಲ? ಅಪ್ಪನಿಗೆ ಇದನ್ನು ವಿವರಿಸೋದು ಕಷ್ಟವೇ ಆಗಲಿಲ್ಲ.

ಮೊದಲನೆಯದು ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಏನಾದರೂ ಕಮ್ಮಿಯಾದರೆ ಪೈಲಟ್ ತಕ್ಷಣ ಹತ್ತು ಸಾವಿರ ಅಡಿಗೆ, ಅಂದರೆ ಮೂರು ಕಿಲೋಮೀಟರ್ ಎತ್ತರಕ್ಕೆ ಇಳಿಸಬೇಕು. ಅಲ್ಲಿ ಎಲ್ಲರೂ ಹಾಗೇ ಉಸಿರಾಡಬಹುದು. ಮೇಲಿಂದ ಬೀಳುವ ಮಾಸ್ಕಿನ ಆಮ್ಲಜನಕ ಬರುವುದು ಕೆಲವೇ ನಿಮಿಷ. ಆದರೆ ಟಿಬೆಟ್‌ನಲ್ಲಿ ನೆಲವೇ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿದೆ. ಇಳಿಯೋದು ಎಲ್ಲಿಗೆ? ಅದಕ್ಕೇ ಹೆಚ್ಚಿನ ವಿಮಾನಗಳು ಆ ಪ್ರಸ್ಥಭೂಮಿಯನ್ನು ಬಳಸಿಕೊಂಡೇ ಹೋಗುತ್ತವೆ.

ಎರಡನೆಯದು ಗಡಿ. ಶಿರಾಡಿಯಲ್ಲಿ ಗುಡ್ಡ ಕುಸಿದಾಗ ಅಪ್ಪ ಚಾರ್ಮಾಡಿ ಸುತ್ತಿಕೊಂಡು ಹೋದವರು. ಆಕಾಶದ ಗುಡ್ಡ ಕುಸಿಯುವುದು ರಾಜಧಾನಿಗಳಲ್ಲಿ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ಬಂದ್ ಆಯಿತು. ಭಾರತದ ವಿಮಾನಗಳಿಗೆ ತೆರೆದೇ ಇತ್ತು. ಅಮೆರಿಕದ ಎರಡು ದೊಡ್ಡ ಕಂಪನಿಗಳು ಬೆಂಗಳೂರಿಗೆ ನೇರ ವಿಮಾನ ಬಿಡ್ತೀವಿ ಅಂತ ಅದಕ್ಕೂ ಮುಂಚೆ ಹೇಳಿಕೊಂಡಿದ್ದವು. ಒಂದು ಸ್ಯಾನ್ ಫ್ರಾನ್ಸಿಸ್ಕೊದಿಂದ, ಇನ್ನೊಂದು ಸಿಯಾಟಲ್‌ನಿಂದ. ಮೊದಲು ಕೋವಿಡ್ ಬಂತು, ಆಮೇಲೆ ಇದು. ಎರಡೂ ಹಾರಲೇ ಇಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವರ ಗಂಟೆಗಳೂ ಹೀಗೇ ಉದ್ದವಾದವು. ಊರುಗಳು ಇದ್ದಲ್ಲೇ ಇವೆ, ಕಿಲೋಮೀಟರ್ ಬೆಳೆಯುತ್ತದೆ.

ಮೂರನೆಯದು ಗಾಳಿ. ಅಪ್ಪ ಹೇಳಿದ ಘಟ್ಟ ಇದೇ.

ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ, ಹೊಳೆ ಹರಿದ ಹಾಗೆ ಗಾಳಿ ಹರಿಯುತ್ತಿರುತ್ತದೆ. ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಚಳಿಗಾಲದಲ್ಲಿ ಜಪಾನಿನ ಮೇಲೆ ಇದರ ಜೋರು ಗಂಟೆಗೆ 200 ಕಿ.ಮೀ. ದಾಟುವುದು ಮಾಮೂಲಿ. 1920ರ ದಶಕದಲ್ಲೇ ವಾಸಬುರೊ ಓಯಿಶಿ ಎನ್ನುವ ಜಪಾನಿ ಹವಾಮಾನ ವಿಜ್ಞಾನಿ ಬಲೂನು ಹಾರಿಸಿ ಹಾರಿಸಿ ಇದನ್ನು ಅಳೆದಿದ್ದರು. ಪ್ರಪಂಚಕ್ಕೆಲ್ಲ ತಿಳಿಯಲಿ ಅಂತ ಅವರು ವರದಿ ಬರೆದದ್ದು ಎಸ್ಪೆರಾಂಟೊ ಭಾಷೆಯಲ್ಲಿ. ಎಲ್ಲರಿಗೂ ಒಂದೇ ಭಾಷೆ ಇರಲಿ ಅಂತ ಕಟ್ಟಿದ ಭಾಷೆ ಅದು. ಪಾಪ, ಓದಿದವರು ಎಷ್ಟು ಜನವೋ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನಗಳು ಜಪಾನಿನ ಮೇಲೆ ಎತ್ತರಕ್ಕೆ ಹೋಗಿ ಈ ಗಾಳಿಗೆ ಸಿಕ್ಕಿ ಒದ್ದಾಡಿದ ಮೇಲೇ ಉಳಿದವರಿಗೆ ಇದು ಮನದಟ್ಟಾಯಿತು.

ವಿಮಾನ ಗಂಟೆಗೆ 900 ಕಿ.ಮೀ. ಹೋಗುತ್ತದೆ ಅಂದರೆ ಅದು ಸುತ್ತಲಿನ ಗಾಳಿಯ ಲೆಕ್ಕದಲ್ಲಿ. ಗಾಳಿಯೇ ಗಂಟೆಗೆ 150 ಕಿ.ಮೀ. ಅದೇ ದಿಕ್ಕಿಗೆ ಹೋಗುತ್ತಿದ್ದರೆ ನೆಲದ ಲೆಕ್ಕದಲ್ಲಿ 1,050. ಎದುರಿಗೆ ಬಂದರೆ 750. ಗಾಡಿ ಅದೇ, ಆಕ್ಸಿಲರೇಟರ್ ಮೇಲಿನ ಕಾಲೂ ಅಷ್ಟೇ.

ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ 2016ರದ್ದು. ಆ ವರ್ಷದ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಕಡೆಯಿಂದ ಬಿಡಿಸಿ ಪೆಸಿಫಿಕ್ ಮೇಲೆ ಕಳಿಸಿತು. ಅಟ್ಲಾಂಟಿಕ್ ದಾರಿ ಸುಮಾರು 13,900 ಕಿ.ಮೀ., ಪೆಸಿಫಿಕ್ ದಾರಿ ಸುಮಾರು 15,300. ಅಂದರೆ 1,400 ಕಿ.ಮೀ. ಜಾಸ್ತಿ. ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ ಮುಟ್ಟಿತು, ಹಳೇ ದಾರಿಗಿಂತ ಸುಮಾರು ಎರಡು ಗಂಟೆ ಬೇಗ. ಗಾಳಿ ಬೆನ್ನು ತಳ್ಳಿತ್ತು, ಅಷ್ಟೇ.

ಇದನ್ನು ಹೇಳಿದಾಗ ಅಪ್ಪನ ಮುಖ ನೋಡಬೇಕಿತ್ತು. “ಸುತ್ತು ಹೊಡೆದು ಬೇಗ ಬರೋದು ಗೊತ್ತಿಲ್ಲದೋನು ಡ್ರೈವರ್ರೇ ಅಲ್ಲ” ಅಂದರು.

ಆಮೇಲೆ ಬಂದದ್ದು ಕೆಎಂಪಿಎಲ್. ಬಸ್ ಡ್ರೈವರುಗಳ ಮರ್ಯಾದೆ ನಿಂತಿರುವುದೇ ಇದರ ಮೇಲೆ, ಲೀಟರಿಗೆ ಎಷ್ಟು ಕಿಲೋಮೀಟರ್ ತಂದೆ ಅನ್ನೋದು. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ದಾರಿಯಲ್ಲಿ ಮೊದಲು ಹಾರಿದ ಬೋಯಿಂಗ್ 777-200ಎಲ್‌ಆರ್ ವಿಮಾನದ ಟ್ಯಾಂಕಿಗೆ 1,81,283 ಲೀಟರ್ ಹಿಡಿಯುತ್ತದೆ. ಒಂದೇ ಬಾರಿಗೆ ಹೋಗಬಲ್ಲ ದೂರ ಸುಮಾರು 15,800 ಕಿ.ಮೀ. ಅಪ್ಪ ಡೈರಿಯ ಹಿಂದಿನ ಪುಟದಲ್ಲಿ ಭಾಗಾಕಾರ ಮಾಡಿದರು. ಕಿಲೋಮೀಟರಿಗೆ ಹನ್ನೊಂದು ಲೀಟರ್ ಚಿಲ್ಲರೆ! ಒಂದು ನಿಮಿಷ ಪೆನ್ನು ಕೆಳಗಿಟ್ಟರು. ಆಮೇಲೆ 238 ಸೀಟಿಗೆ ಹಂಚಿದರು. ಒಬ್ಬರ ಲೆಕ್ಕಕ್ಕೆ ಲೀಟರಿಗೆ ಇಪ್ಪತ್ತು ಕಿಲೋಮೀಟರ್ ಬಂತು. “ಪರವಾಗಿಲ್ಲ, ನಿನ್ನ ಅಣ್ಣನ ಕಾರಿಗಿಂತ ವಾಸಿ. ಅವನೊಬ್ಬನೇ ಹೋಗ್ತಾನಲ್ಲ.” ಐವತ್ತು ಜನರ ಬಸ್ಸಿನ ಲೆಕ್ಕ ಹಾಕಿದರೆ ಇನ್ನೂರರ ಮೇಲೆ ಬರುತ್ತದೆ. ಅದನ್ನು ಹೇಳುವಾಗ ಅವರ ದನಿ ಸ್ವಲ್ಪ ದಪ್ಪವಾಗಿತ್ತು.

ಆ ವಿಮಾನ ಪೂರ್ತಿ ಭಾರ ಹೊತ್ತು ಮೇಲೇಳುವಾಗ 347 ಟನ್. ಟ್ಯಾಂಕ್ ತುಂಬಿದ್ದರೆ ಅದರಲ್ಲಿ 145 ಟನ್ ಬರೀ ಇಂಧನ. ದೂರ ಜಾಸ್ತಿಯಾದಷ್ಟೂ ಇಂಧನ ಹೊರೋಕೇ ಇಂಧನ ಸುಡಬೇಕು. ಘಟ್ಟದ ಮೇಲೆ ಲೋಡ್ ಗಾಡಿ ಹತ್ತಿಸಿದವರಿಗೆ ಇದನ್ನು ಎರಡನೇ ಸಲ ಹೇಳಬೇಕಿಲ್ಲ.

ಇಷ್ಟರಲ್ಲಿ ಅಮ್ಮನಿಗೆ ಒಂದು ಹೆದರಿಕೆ ಹೊಕ್ಕಿತ್ತು. ದಾರಿಯಲ್ಲಿ ಕೆಟ್ಟು ನಿಂತರೆ?

2023ರ ಜೂನ್ 6ರ ಸುದ್ದಿ ಅವರು ಪೇಪರಿನಲ್ಲಿ ನೋಡಿದ್ದರು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನದ ಒಂದು ಎಂಜಿನ್ನಿನಲ್ಲಿ ತೊಂದರೆ ಕಾಣಿಸಿ, 216 ಪ್ರಯಾಣಿಕರು ಮತ್ತು 16 ಸಿಬ್ಬಂದಿ ಸಮೇತ ರಷ್ಯಾದ ಪೂರ್ವ ತುದಿಯ ಮಗದಾನ್ ಎನ್ನುವ ಊರಿನಲ್ಲಿ ಇಳಿದಿತ್ತು. ಇನ್ನೊಂದು ವಿಮಾನ ಬಂದು ಅವರನ್ನು ಕರೆದುಕೊಂಡು ಹೋಗಬೇಕಾಯಿತು. ನಾನು ಅಮ್ಮನಿಗೆ ಇದನ್ನು ತಿರುಗಿಸಿ ಹೇಳಿದೆ. ಮಗದಾನ್ ಅಲ್ಲಿ ಇದ್ದದ್ದೇ ಆ ದಾರಿ ಹಿಡಿಯೋಕೆ ಕಾರಣ. ಎರಡು ಎಂಜಿನ್ನಿನ ವಿಮಾನ ಎಲ್ಲೆಂದರಲ್ಲಿ ಹೋಗುವಂತಿಲ್ಲ. ಒಂದು ಎಂಜಿನ್ ನಿಂತರೂ ಇನ್ನೊಂದರಲ್ಲೇ ಇಂತಿಷ್ಟು ನಿಮಿಷದೊಳಗೆ ಯಾವುದಾದರೂ ನಿಲ್ದಾಣ ಮುಟ್ಟುವ ಹಾಗೆ ದಾರಿ ಹಾಕಬೇಕು. ಮೊದಲು ಅದು 60 ನಿಮಿಷ ಇತ್ತು. 1985ರಲ್ಲಿ 120 ಆಯಿತು, ಆಮೇಲೆ 180, ಈಗ ಕೆಲವು ವಿಮಾನಗಳಿಗೆ ಅದಕ್ಕೂ ಜಾಸ್ತಿ. ಹಾಗಾಗಿ ನಕ್ಷೆಯಲ್ಲಿ ಗೆರೆ ಎಳೆಯುವಾಗ ಅಲಾಸ್ಕಾ, ಸೈಬೀರಿಯಾದ ಪುಟ್ಟ ಊರುಗಳೂ ಲೆಕ್ಕಕ್ಕೆ ಬರುತ್ತವೆ.

ಅಮ್ಮನಿಗೆ ಎಷ್ಟು ಸಮಾಧಾನ ಆಯಿತೋ ಗೊತ್ತಿಲ್ಲ. ಸ್ವೆಟರ್ ಕೈಚೀಲದಲ್ಲೇ ಇಟ್ಟುಕೊಳ್ತೀನಿ ಅಂದರು.

ಈ ಎರಡು ಊರುಗಳ ನಡುವೆ ಮೊದಲ ನೇರ ವಿಮಾನ ಹೊರಟಿದ್ದು 2021ರ ಜನವರಿ 9ರ ರಾತ್ರಿ, ಸ್ಯಾನ್ ಫ್ರಾನ್ಸಿಸ್ಕೊದಿಂದ. ಕಾಕ್‌ಪಿಟ್‌ನಲ್ಲಿ ನಾಲ್ವರೂ ಹೆಣ್ಣುಮಕ್ಕಳು: ಕ್ಯಾಪ್ಟನ್ ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ಉತ್ತರ ಧ್ರುವದ ಮೇಲಿಂದ ಬಂದು ಜನವರಿ 11ರ ಬೆಳಗಿನ ಜಾವ ಕೆಂಪೇಗೌಡ ನಿಲ್ದಾಣದಲ್ಲಿ ಇಳಿಸಿದರು. ನೇರ ಗೆರೆ ಬಿಟ್ಟು ಧ್ರುವದ ಮೇಲೇ ಹಾದರೂ ದೂರ ಜಾಸ್ತಿಯಾಗುವುದು 380 ಕಿ.ಮೀ. ಮಾತ್ರ. ಪೆಸಿಫಿಕ್ ಮೇಲಿನ ಎದುರು ಗಾಳಿಯ ಕಾಟ ತಪ್ಪುತ್ತದೆ. ಆದರೆ ಧ್ರುವಕ್ಕೆ ಅದರದ್ದೇ ತಾಪತ್ರಯ ಇದೆ. ಕಾಂತದ ದಿಕ್ಸೂಚಿ ನಂಬುವ ಹಾಗಿಲ್ಲ. ಇಂಧನ ಗಟ್ಟಿಯಾಗದ ಹಾಗೆ ನೋಡಿಕೊಳ್ಳಬೇಕು, ಜೆಟ್ ಎ-1 ಇಂಧನಕ್ಕೆ ಸೊನ್ನೆಗಿಂತ 47 ಡಿಗ್ರಿ ಕೆಳಗೆ ಮಿತಿ. ಟ್ಯಾಂಕ್ ತೀರಾ ತಣ್ಣಗಾದರೆ ಸ್ವಲ್ಪ ಕೆಳಗಿಳಿಯಬೇಕು, ಇಲ್ಲ ಜೋರಾಗಿ ಹೋಗಬೇಕು. ಗಾಳಿಯ ತಿಕ್ಕಾಟಕ್ಕೆ ರೆಕ್ಕೆ ಬಿಸಿಯಾಗುತ್ತದೆ.

“ಡ್ರೈವರ್ರು ನಾಲ್ಕು ಜನಾನಾ?” ಅಪ್ಪನ ಕಿವಿ ನಿಂತದ್ದು ಅಲ್ಲಿ. ಅವರ ರಾತ್ರಿ ಸರ್ವಿಸಿನಲ್ಲಿ ಇಬ್ಬರು. ಇಲ್ಲಿ ಇಬ್ಬರು ಓಡಿಸುವಾಗ ಇಬ್ಬರು ಮಲಗುತ್ತಾರೆ, ಮಲಗೋಕೆ ಬೇರೆ ಜಾಗವೇ ಇದೆ ಅಂದೆ. “ಒಳ್ಳೇದು. ನಿದ್ದೆಗೆಟ್ಟು ಓಡಿಸಬಾರದು” ಅಂದರು. ಆ ಮಾತು ಅಷ್ಟಕ್ಕೇ ಬಿಟ್ಟರು, ನಾನೂ ಕೆದಕಲಿಲ್ಲ.

ಡಿಸೆಂಬರ್‌ನಲ್ಲಿ ಹೊರಟರು. ಅಪ್ಪನ ಲೆಕ್ಕದಲ್ಲಿ ಟ್ರಿಪ್ ಶುರುವಾದದ್ದು ಮನೆ ಬಾಗಿಲಿಂದ, ರಾತ್ರಿ ಎರಡು ಗಂಟೆಗೆ. ಸಕಲೇಶಪುರದಿಂದ ದೇವನಹಳ್ಳಿಗೆ 250 ಕಿ.ಮೀ. ಹತ್ತಿರ. ನೆಲಮಂಗಲ ದಾಟೋಕೆ ಎಷ್ಟು ಹೊತ್ತೋ ಅನ್ನೋ ಭಯಕ್ಕೆ ಅಷ್ಟು ಬೇಗ. ಬೆಳಿಗ್ಗೆ ಎಂಟೂವರೆಗೆಲ್ಲ ನಿಲ್ದಾಣದಲ್ಲಿ. ವಿಮಾನ ಹೊರಟದ್ದು ಮಧ್ಯಾಹ್ನ ಎರಡೂವರೆಗೆ. ಮನೆ ಬಿಟ್ಟು ಹನ್ನೆರಡೂವರೆ ಗಂಟೆಯಾದರೂ ಅಮೆರಿಕದ ಕಡೆಗೆ ಒಂದು ಕಿಲೋಮೀಟರೂ ಹೋಗಿರಲಿಲ್ಲ. ಇದನ್ನು ಯಾವ ಸೈಟೂ ತೋರಿಸುವುದಿಲ್ಲ.

ಎದುರು ಸೀಟಿನ ಪರದೆಯಲ್ಲಿ ಸಿನಿಮಾ ಬಿಟ್ಟು ಅಪ್ಪ ನಕ್ಷೆ ಹಾಕಿಕೊಂಡಿದ್ದಾರೆ. ಅಮ್ಮ ಆಮೇಲೆ ದೂರಿದ್ದು ಇದನ್ನೇ. “ಹದಿನಾರು ಗಂಟೆ ಅದನ್ನೇ ನೋಡಿದ್ರು ಕಣೆ, ಹುಳ ಹರಿದ ಹಾಗೆ ಒಂದು ವಿಮಾನ.” ಡೈರಿಯಲ್ಲಿ ಗಂಟೆಗೊಮ್ಮೆ ದಾಖಲೆ ಇದೆ. ಎತ್ತರ, ವೇಗ, ಹೊರಗಿನ ಚಳಿ. ಬಂಗಾಳ ಕೊಲ್ಲಿಯ ಮೇಲೆ 890. ಮ್ಯಾನ್ಮಾರ್ ದಾಟಿ ಚೀನಾದ ಮೇಲೆ 960. ಜಪಾನ್ ಹತ್ತಿರ 1,085, ಪಕ್ಕದಲ್ಲಿ ಒಂದು ಟಿಕ್ ಮಾರ್ಕು. ಹೊರಗೆ ಸೊನ್ನೆಗಿಂತ 56 ಡಿಗ್ರಿ ಕೆಳಗೆ. ಜಪಾನ್ ಮೇಲಿಂದ ಬರುವ ಈ ದಾರಿ ನೇರ ಗೆರೆಗಿಂತ ಸುಮಾರು 900 ಕಿ.ಮೀ. ಉದ್ದ. ಕೊನೆಗೆ ಕೆಂಪು ಇಂಕಿನಲ್ಲಿ: ರನ್ನಿಂಗ್ ಟೈಮ್ 15 ಗಂಟೆ 50 ನಿಮಿಷ.

ಇಳಿದ ಮೇಲೆ ಗಡಿಯಾರ ನೋಡಿದರೆ ಅದೇ ದಿನ ಸಂಜೆ ಐದಕ್ಕೆ ಹತ್ತು ನಿಮಿಷ ಇತ್ತು. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮ್ಮೂರಿಗಿಂತ ಹದಿಮೂರೂವರೆ ಗಂಟೆ ಹಿಂದೆ. ಎರಡೂವರೆಗೆ ಹೊರಟು ಐದರೊಳಗೆ ಬಂದದ್ದು. “ಗಂಟೆಗೆ ಆರು ಸಾವಿರ ಕಿಲೋಮೀಟರ್ ಸ್ಪೀಡು, ಯಾರೂ ಫೈನ್ ಹಾಕಲಿಲ್ಲ” ಅಂತ ಬಾಗಿಲಲ್ಲೇ ಜೋಕು. ಅಮ್ಮನ ತುಟಿ ಒಡೆದಿತ್ತು. ವಿಮಾನದೊಳಗಿನ ಗಾಳಿಯಲ್ಲಿ ತೇವ ಇಪ್ಪತ್ತು ಪರ್ಸೆಂಟ್ ಕೂಡ ಇರುವುದಿಲ್ಲ. ಮಲೆನಾಡಿನ ಮೈಗೆ ಅದು ಮರಳುಗಾಡು.

ನಾನು ಮೊದಲ ಸಲ ಬಂದದ್ದು 2006ರಲ್ಲಿ, ಆಗಿನ ಎಚ್‌ಎಎಲ್ ನಿಲ್ದಾಣದಿಂದ, ಫ್ರಾಂಕ್‌ಫರ್ಟ್ ಮೇಲೆ. ಎರಡೂ ಹಾರಾಟ ಸೇರಿ 16,500 ಕಿ.ಮೀ. ಸಿಂಗಪುರದ ಮೇಲೆ ಬಂದರೂ ಹೆಚ್ಚುಕಮ್ಮಿ ಅಷ್ಟೇ, ದುಬೈ ಮೇಲಾದರೆ ಸ್ವಲ್ಪ ಕಮ್ಮಿ. ಪಶ್ಚಿಮಕ್ಕೆ ಹೊರಡಿ, ಪೂರ್ವಕ್ಕೆ ಹೊರಡಿ, ಸಿಗುವುದು ಅದೇ ಊರು. ನನಗೆ ನೆನಪಿರುವುದು ಒಂದೇ: ಫ್ರಾಂಕ್‌ಫರ್ಟ್‌ನಲ್ಲಿ ಆರು ಗಂಟೆ ಕೂತು, ಅಮ್ಮ ಕಟ್ಟಿಕೊಟ್ಟ ಪುಳಿಯೋಗರೆ ತಿನ್ನಲೋ ಬೇಡವೋ ಅಂತ ಆಚೀಚೆ ನೋಡಿದ್ದು. ಹಾದಿ ನೆನಪಿಲ್ಲ. ನೋಡಿದ್ದರೆ ತಾನೆ.

ಜೆಟ್ ಲ್ಯಾಗ್ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಉದ್ದ ಮಾಡಲ್ಲ. ಮೈಯೊಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆ ಸರಿಯುತ್ತದೆ. ಹದಿಮೂರೂವರೆ ಗಂಟೆಗೆ ಎರಡು ವಾರ. ಆ ಎರಡು ವಾರ ಅಪ್ಪ ಬೆಳಗಿನ ಜಾವ ಮೂರಕ್ಕೆ ಎದ್ದು ಕಾಫಿ ಡಿಕಾಕ್ಷನ್ ಹಾಕಿ ಕಿಟಕಿ ಹತ್ತಿರ ಕೂರುತ್ತಿದ್ದರು. ನಾನೂ ಎದ್ದು ಹೋಗುತ್ತಿದ್ದೆ. ಚಿಕ್ಕವಳಿದ್ದಾಗ ಅವರು ಮೊದಲ ಟ್ರಿಪ್ಪಿಗೆ ಹೊರಡುವ ಹೊತ್ತು ಅದು. ಆಗ ನಾನು ನಿದ್ದೆಯಲ್ಲಿರುತ್ತಿದ್ದೆ. ಅವರ ಜೊತೆ ಆ ಹೊತ್ತಿನಲ್ಲಿ ಕಾಫಿ ಕುಡಿದದ್ದು ಇದೇ ಮೊದಲು.

ಮಾರ್ಚ್ 10ಕ್ಕೆ ಇಲ್ಲಿನವರು ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸಿದರು. ಅಪ್ಪನಿಗೆ ಅದು ಸುತರಾಂ ಒಪ್ಪಿಗೆಯಾಗಲಿಲ್ಲ. “ನಿನ್ನೆ ಹದಿಮೂರೂವರೆ, ಇವತ್ತು ಹನ್ನೆರಡೂವರೆ. ರೂಟ್ ಬೋರ್ಡೇ ಬದಲಾಯಿಸಿದ ಹಾಗಾಯ್ತು.” ಕೈಗಡಿಯಾರ ಮಾತ್ರ ಕೊನೆವರೆಗೂ ಸಕಲೇಶಪುರದ ಟೈಮಿನಲ್ಲೇ ಇತ್ತು.

ವಾಪಸ್ ಹೊರಟದ್ದು ಮಾರ್ಚ್ 20, ಬುಧವಾರ ರಾತ್ರಿ ಒಂಬತ್ತಕ್ಕೆ. ಈ ಸಲ ಪರದೆಯ ಮೇಲಿನ ಹುಳ ಅಲಾಸ್ಕಾ ಕಡೆಗೆ ಹರಿಯಿತಂತೆ, ಸೈಬೀರಿಯಾದ ಮೇಲಿಂದ ಇಳಿಯಿತಂತೆ. ಚಕ್ಕೋತದ ಮೇಲೆ ದಾರ ಜಾರಿದ ಕಡೆಗೇ. ವೇಗ 810, 790, 830. ಬೆಂಗಳೂರಿನಲ್ಲಿ ಇಳಿದಾಗ 22ನೇ ತಾರೀಖು ಶುಕ್ರವಾರ, ಬೆಳಗಿನ ಜಾವ ಎರಡು ಐವತ್ತು. ರನ್ನಿಂಗ್ ಟೈಮ್ 17 ಗಂಟೆ 20 ನಿಮಿಷ.

ಮನೆ ಮುಟ್ಟಿ ಸ್ನಾನ ಮಾಡಿ ಫೋನ್ ಮಾಡಿದರು. “ಬರೆದುಕೋ. ಇಳಿಯೋಕೆ ಹದಿನೈದು ಐವತ್ತು, ಹತ್ತೋಕೆ ಹದಿನೇಳು ಇಪ್ಪತ್ತು. ಒಂದೂವರೆ ಗಂಟೆ ಫರಕು.” ಅವರ ಪಾಲಿಗೆ ನಮ್ಮೂರು ಯಾವಾಗಲೂ ಘಟ್ಟದ ಮೇಲೆ. ಅಮೆರಿಕ ಕೆಳಗೆ, ಮಂಗಳೂರಿನ ಹಾಗೆ.

“ಅಪ್ಪ, 21ನೇ ತಾರೀಖು ಗುರುವಾರದ ಪುಟದಲ್ಲಿ ಏನು ಬರೆದಿರಿ?”

“ಏನೂ ಇಲ್ಲ. ರಾತ್ರಿ ಸರ್ವಿಸು ಹೊರಟ ದಿನದ ಲೆಕ್ಕಕ್ಕೇ ಹೋಗುತ್ತೆ. ಎಲ್ಲ 20ರಲ್ಲೇ ಇದೆ.”

ಕಳೆದ ವರ್ಷ ಊರಿಗೆ ಹೋದಾಗ ಆ ಡೈರಿ ತೆಗೆದು ನೋಡಿದೆ. 21ನೇ ತಾರೀಖಿನ ಪುಟ ಖಾಲಿ ಇರಲಿಲ್ಲ. ಅದರಲ್ಲಿ ಅಮ್ಮ ಹಾಲಿನವನ ಲೆಕ್ಕ ಬರೆದಿಟ್ಟಿದ್ದರು. ಡಿಸೆಂಬರ್ ಹದಿನಾಲ್ಕು ದಿನ, ಮಾರ್ಚ್ ಹತ್ತು ದಿನ, ನಡುವೆ ಉದ್ದಕ್ಕೆ ಒಂದು ಗೆರೆ.